ಯಮನಮ್ಮನ ಮೂರು ಗೊಂಬೆಗಳು

ಅಲುಗದೆ ನಿಂತ ಚಿತ್ರವನ್ನು ವಿಶಾಖಾ ಬರೆದದ್ದೇ ಕಡಿಮೆ. ಮಾನ್ವಿಯ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿ ಓದುವಾಗಲೇ ಅವಳ ಗಣಿತದ ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದು ಕಾಗೆ ಕೂತಿತ್ತು. ಮುಂದಿನ ಹಾಳೆಯಲ್ಲಿ ಅದರ ರೆಕ್ಕೆ ತುಸು ಎದ್ದಿತ್ತು, ಅದರ ಮುಂದಿನದರಲ್ಲಿ ಇನ್ನೂ ತುಸು. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಕಾಗೆ ಹಾರಿ ಪುಸ್ತಕದಾಚೆ ಹೋಗುತ್ತಿತ್ತು. ಗಣಿತದ ಸೂಗಪ್ಪ ಮಾಸ್ತರರು ಒಂದು ದಿನ ಅದನ್ನು ಹಿಡಿದರು. ಏಟು ಬೀಳುತ್ತದೆಂದು ಅಂಗೈ ಚಾಚಿ ನಿಂತವಳ ಎದುರಿಗೇ ಅವರು ನಾಲ್ಕು ಸಲ ಕಾಗೆ ಹಾರಿಸಿ ನೋಡಿದರು.

"ಯಾರು ಕಲಿಸಿದ್ರು ಇದನ್ನ?"

"ಯಾರೂ ಇಲ್ರೀ ಸರ್. ತಾನ ಹಾರ್ತು."

ಮಾಸ್ತರರು ನಕ್ಕರು. ಆಮೇಲೆ ಬಿಟ್ಟಿದ್ದ ಹತ್ತು ಲೆಕ್ಕಗಳನ್ನು ಅಲ್ಲೇ ಕೂರಿಸಿ ಮಾಡಿಸಿದರು.

ಅಪ್ಪ ತಾಲೂಕು ಕಚೇರಿಯಲ್ಲಿ ಜವಾನ, ಅಜ್ಜ ಜೀವಮಾನವೆಲ್ಲ ಕೂಲಿ ಮಾಡಿದವನು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಮಕ್ಕಳ ಪುಸ್ತಕಕ್ಕೆಂದೇ ಒಂದು ಹಲಗೆ ಇತ್ತು. ಆ ಹಲಗೆಯ ಮೇಲೆ ಬೇರೆ ಏನನ್ನೂ ಇಡುವಂತಿರಲಿಲ್ಲ. ಮಗಳು ಚಿತ್ರ ಕಲಿಯುತ್ತೇನೆ ಎಂದಾಗ ಬಂಧುಗಳು ಮೂಗು ಮುರಿದರು. ಅಪ್ಪ ಮಾತ್ರ, "ಕಲಿಯೋದು ಯಾವುದಾದ್ರೂ ಕಲಿಯೋದ ಅದ. ಹೋಗು," ಎಂದು ಕಲಬುರಗಿಯ ಬಸ್ಸು ಹತ್ತಿಸಿದ.

ಕಲಬುರಗಿಯಲ್ಲಿ ಓದು ಮುಗಿಸಿ ಅವಳು ಹೈದರಾಬಾದಿಗೆ ಹೋದದ್ದು ಎರಡು ಸಾವಿರದ ಎರಡರಲ್ಲಿ. ಅಲ್ಲಿ ಒಂದು ಅನಿಮೇಷನ್ ಸ್ಟುಡಿಯೋ. ನಲವತ್ತು ಮಂದಿ ಸಾಲಾಗಿ ಕೂತು, ಅಡಿಯಿಂದ ಬೆಳಕು ಬರುವ ಗಾಜಿನ ಮೇಜುಗಳ ಮೇಲೆ ಹೊರದೇಶದ ಮಕ್ಕಳ ಧಾರಾವಾಹಿಗಳಿಗೆ ಚಿತ್ರ ಬರೆಯುತ್ತಿದ್ದರು. ದೊಡ್ಡ ಕಲಾವಿದರು ಮೊಲ ಕೂತದ್ದೊಂದು, ನೆಗೆದದ್ದೊಂದು ಬರೆದು ಕಳಿಸುವರು. ಕೂತದ್ದಕ್ಕೂ ನೆಗೆದದ್ದಕ್ಕೂ ನಡುವಿನ ಹನ್ನೊಂದು ಚಿತ್ರ ವಿಶಾಖಾಳ ಪಾಲು. ಮೊಲ ಒಮ್ಮೆ ಕಣ್ಣು ಮಿಟುಕಿಸಿದರೆ ಅವಳ ಅರ್ಧ ದಿನ ಹೋಗುತ್ತಿತ್ತು.

ಪಕ್ಕದ ಮೇಜಿನವನು ಸಲಾವುದ್ದೀನ್. ರಾಯಚೂರಿನ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾ ಓಣಿಯವನು, ವಯಸ್ಸಿನಲ್ಲಿ ಹಿರಿಯ. ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಸುತ್ತಲೂ ಸೀಳು ಕೊರೆದು, ಒಳಗೆ ಹನ್ನೆರಡು ಕುದುರೆಗಳ ಪಟ್ಟಿ ಅಂಟಿಸಿ ಇಟ್ಟುಕೊಂಡಿದ್ದ. ಡಬ್ಬ ತಿರುಗಿಸಿ ಸೀಳಿನಲ್ಲಿ ಕಣ್ಣಿಟ್ಟರೆ ಕುದುರೆ ಓಡುತ್ತಿತ್ತು.

"ಸಿನಿಮಾ ಹುಟ್ಟೋಕಿಂತ ಅರವತ್ತು ವರ್ಷ ಮೊದಲಿನ ಆಟ ಇದು, ತಂಗಿ," ಎಂದು ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. "ಮೊದಲು ಇಂಥ ಚಕ್ರ ಬಂದ್ವು. ಆಮ್ಯಾಗ ಕಾಗದದ ಮ್ಯಾಗ ಸಾವಿರಗಟ್ಲೆ ಚಿತ್ರ ಬರದ್ರು. ಪ್ರತಿ ಚಿತ್ರಕ್ಕೂ ಗಿಡ, ಮನಿ ಎಲ್ಲಾ ತಿರುಗಿ ಬರೀಬೇಕಿತ್ತು. ಅದಕ್ಕ ಪಾರದರ್ಶಕ ಹಾಳಿ ಹುಡುಕಿದ್ರು. ಗಿಡ ಕೆಳಗ, ಮೊಲ ಮ್ಯಾಗ. ಕಾಗದ ಕತ್ತರಿಸಿ, ಕೀಲು ಜೋಡಿಸಿ, ಕೂದಲೆಳಿಯಷ್ಟು ಸರಿಸಿ ಸರಿಸಿ ಫೋಟೋ ತಗದವರೂ ಅದಾರ. ಕೈಲೆ ಬರಿಯೋರದ್ದು ಒಂದ್ ದೊಡ್ಡ ಸಾಲು ಅದ. ಆ ಸಾಲಿನ ಬಾಲ ನಾವು."

ಧಾರಾವಾಹಿ ಮುಗಿದು ಹೆಸರುಗಳ ಪಟ್ಟಿ ಮೇಲೇರುವಾಗ ಅವನು ಟಿವಿಯ ಮುಂದೆ ನಿಂತು ಓದುತ್ತಿದ್ದ. ನಲವತ್ತು ಮಂದಿಯಲ್ಲಿ ಒಬ್ಬರ ಹೆಸರೂ ಅದರಲ್ಲಿ ಇರುತ್ತಿರಲಿಲ್ಲ. ಒಮ್ಮೆ ಅವನ ಮುಖ ನೋಡಲಾರದೆ ವಿಶಾಖಾ ಹೇಳಿದಳು: "ಒಂದಿನ ನಾನು ಸ್ವಂತ ಚಿತ್ರ ಮಾಡ್ತೀನಿ ಭಾಯಿ. ಅದರಾಗ ಕೈ ಹಚ್ಚಿದ ಎಲ್ಲಾರ ಹೆಸರೂ ಹಾಕ್ತೀನಿ."

ಆರು ವರ್ಷಕ್ಕೆ ಗಾಜಿನ ಮೇಜುಗಳು ಗೋದಾಮು ಸೇರಿ ಕಂಪ್ಯೂಟರುಗಳು ಬಂದವು. ಸಲಾವುದ್ದೀನನ ಕೈಗೆ ಮೌಸು ಒಗ್ಗಲಿಲ್ಲ. ಅವನು ಊರಿಗೆ ಮರಳಿ ಅಂಗಡಿಗಳ ಶಟರಿನ ಮೇಲೆ ಬೋರ್ಡು ಬರೆಯತೊಡಗಿದ. ವಿಶಾಖಾ ಕಲಿತಳು. ಮದುವೆಯಾದ ಮೇಲೆ, ಗಂಡ ಅಂಬರೀಶನಿಗೆ ಶಕ್ತಿನಗರದಲ್ಲಿ ಕೆಲಸವಿದ್ದುದರಿಂದ, ರಾಯಚೂರಿನಲ್ಲಿ ಮನೆ ಮಾಡಿ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾದಳು. ಮಕ್ಕಳಿಗೆ ನೋಟ್‌ಬುಕ್ಕಿನ ಮೂಲೆಯಲ್ಲಿ ಕಾಗೆ ಹಾರಿಸುವುದನ್ನು ಕಲಿಸಿದಳು. ಮನೆಯ ಕಂಪ್ಯೂಟರಿನಲ್ಲಿ ಆಗೀಗ ಪಾಠದ ವಿಡಿಯೋ ಮಾಡಿಕೊಟ್ಟಳು. ಅಷ್ಟರಲ್ಲೇ ಅವಳ ಬದುಕು ನೆಟ್ಟಗೆ ಸಾಗಿಬಿಡಬಹುದಿತ್ತು.

ಎರಡು ಸಾವಿರದ ಹದಿನೆಂಟರಲ್ಲಿ ಒಂದು ಶಿಕ್ಷಣ ಸಂಸ್ಥೆಯವರು ಅವಳನ್ನು ಹುಡುಕಿಕೊಂಡು ಬಂದರು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದಾರೆ, ಅದರ ಮೇಲೆ ಆರು ನಿಮಿಷದ ಚಿತ್ರ ಬೇಕು ಎಂದರು. ಎಲ್ಲ ಚಿತ್ರಗಳೂ ಒಂದೇ ಗುಂಡು ಮುಖದ, ದೊಡ್ಡ ಕಣ್ಣಿನ ಗೊಂಬೆಗಳಾಗಿದ್ದ ಕಾಲ. ಇದು ನಮ್ಮ ಮಣ್ಣಿನದಾಗಬೇಕು ಎಂದು ವಿಶಾಖಾ ತೊಗಲು ಗೊಂಬೆಗಳನ್ನು ಹುಡುಕುತ್ತ ಹೊರಟಳು. ದೇವದುರ್ಗದಾಚೆ, ಕೃಷ್ಣಾ ದಂಡೆಯ ಒಂದು ಹಳ್ಳಿಯಲ್ಲಿ ಯಮನಮ್ಮ ಸಿಕ್ಕಳು.

ಯಮನಮ್ಮನಿಗೆ ಎಪ್ಪತ್ತರ ಹತ್ತಿರ. ಗೊಂಬೆ ಆಡಿಸುವ ಮನೆತನ. ಮನೆಯೊಳಗೆ ಅವರದೇ ಒಂದು ಮರಾಠಿ ಬೆರೆತ ಮಾತು. ಮಕ್ಕಳು ಹರಗೋಲು ಹಾಕಿ ಮೀನು ಹಿಡಿಯುತ್ತಿದ್ದರು. ಗೊಂಬೆಯ ಬುಟ್ಟಿಗಳ ಮುಚ್ಚಳ ತೆಗೆದು ಹನ್ನೊಂದು ವರ್ಷವಾಗಿತ್ತು. ಹೆಣ್ಣು ಗೊಂಬೆಗಳಿಗೆ ಒಂದು ಬುಟ್ಟಿ, ಗಂಡು ಗೊಂಬೆಗಳಿಗೆ ಇನ್ನೊಂದು.

"ಕೂಡಿಸಿ ಇಟ್ರ ಜಗಳ ಆಡ್ತಾವ," ಎಂದು ಯಮನಮ್ಮ ನಗದೆ ಹೇಳಿದಳು.

ನಡು ಮಧ್ಯಾಹ್ನ. ಮೊಮ್ಮಗಳು ಅನ್ನಪೂರ್ಣ, ಆಗಿನ್ನೂ ಏಳನೆಯ ತರಗತಿಯವಳು, ಬಾಗಿಲಿಗೆ ಬಿಳಿ ಧೋತರ ಕಟ್ಟಿದಳು. ವಿಶಾಖಾಳನ್ನು ಒಳಗಿನ ಕತ್ತಲಲ್ಲಿ ಕೂರಿಸಿ ಮುದುಕಿ ಹೊರಗೆ ಬಿಸಿಲಿನಲ್ಲಿ ನಿಂತಳು. ಧೋತರದ ಮೇಲೆ ಕೆಂಪು, ಹಸಿರು ಬಣ್ಣ ಚೆಲ್ಲಿದಂತಾಯಿತು. ಅದರೊಳಗಿಂದ ಒಬ್ಬ ಹುಡುಗಿ ನಡೆದು ಬಂದಳು. ತಲೆಯ ಮೇಲಿನ ಕೊಡಕ್ಕೆ ಕೈಕೊಟ್ಟು, ಸೊಂಟ ತಿರುಗಿಸಿ, ಕಲ್ಲು ತಾಗಿ ಎಡವಿ, ಸಾವರಿಸಿಕೊಂಡಳು. ಎಡವಿದ್ದು ಕಂಡು ವಿಶಾಖಾ ಕೂತಲ್ಲೇ ಕೈ ಚಾಚಿಬಿಟ್ಟಳು. ಆರು ವರ್ಷ ಗಾಜಿನ ಮೇಜಿನ ಮುಂದೆ ಕೂತು ತಾನು ಬರೆಯಲಾಗದ ಹನ್ನೊಂದು ಚಿತ್ರಗಳು ಇಲ್ಲಿ ಒಂದು ಬೆರಳಿನ ಕೊಂಕಿನಲ್ಲಿದ್ದವು.

ಹೊರಗೆ ಬಂದವಳೇ ಉತ್ಸಾಹದಿಂದ ಸಲಾವುದ್ದೀನ್ ಹೇಳಿದ್ದನ್ನೆಲ್ಲ ಹೇಳಿದಳು. ಚಕ್ರಗಳು, ಸಾವಿರಾರು ಹಾಳೆ, ಕಂಪ್ಯೂಟರು. "ಅವಕ್ಕೆಲ್ಲ ನಿಮ್ಮ ಗೊಂಬೀನೇ ಹಿರೇರು ಯವ್ವಾ. ಇಡೀ ಜಗತ್ತು ಆಮ್ಯಾಗ ಮಾಡಿದ್ದನ್ನ ನೀವು ಮೊದಲ ಮಾಡೀರಿ."

"ಹಂಗಂತ ನಮ್ಮ ಮಾವಗ ಯಾರೂ ಹೇಳಲೇ ಇಲ್ಲ ನೋಡು," ಎಂದಳು ಯಮನಮ್ಮ. "ಹಸಕೊಂಡ ಸತ್ತ."

ಚಿತ್ರಕ್ಕೆಂದು ಮೂರು ಗೊಂಬೆ ಕೊಟ್ಟಳು: ಕೊಡದ ಹುಡುಗಿ, ಒಬ್ಬ ಮುದುಕಿ, ದವಡೆ ಆಡಿಸುವ ಒಬ್ಬ ಹಾಸ್ಯಗಾರ. ಮಾವನ ಅಪ್ಪ ಆಡಿನ ತೊಗಲು ಹೆರೆದು ಮಾಡಿದವು. ಮೊದಲೆರಡನ್ನು ಒಂದು ಬಟ್ಟೆಯಲ್ಲಿ, ಹಾಸ್ಯಗಾರನನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಪ್ರತಿಯೊಂದಕ್ಕೂ "ಹೋಗಿ ಬಾ" ಎಂದು ಹೇಳಿದಳು. ತನ್ನ ಕೈ ಆಡುವುದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಲೂ ಬಿಟ್ಟಳು.

"ತಿಂಗಳದಾಗ ತಂದು ಕೊಡ್ತೀನಿ ಯವ್ವಾ."

"ನೀ ಟೀಚರ್ ಅದಿ. ನಿನ್ನ ಮಾತಿಗೆ ನಾ ಯಾಕ ಸಂಶಾ ಪಡಲಿ?"

ಕಂಪ್ಯೂಟರಿನಲ್ಲಿ ಗೊಂಬೆಯನ್ನು ನಡೆಸಬೇಕಾದರೆ ತಲೆ, ತೋಳು, ಮುಂಗೈ, ಕಾಲು ಎಲ್ಲದರ ಚಿತ್ರವೂ ಬಿಡಿಬಿಡಿಯಾಗಿ ಬೇಕು. ಇಡೀ ಗೊಂಬೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲೇ ಒಂದೊಂದು ಅಂಗವನ್ನು ಬಿಡಿಸಿಕೊಳ್ಳಬಹುದಿತ್ತು. ವಿಶಾಖಾಳಿಗೆ ಅದು ಗೊತ್ತಿತ್ತು. ಅದಕ್ಕೆ ಎರಡು ವಾರ ಬೇಕಿತ್ತು. ಸಂಸ್ಥೆಯವರು ದಿನ ಹಿಂದಕ್ಕೆ ಎಳೆದು, ಇನ್ನು ಹತ್ತೇ ದಿನದಲ್ಲಿ ಸಚಿವರ ಮುಂದೆ ತೋರಿಸಬೇಕು ಎಂದಿದ್ದರು. ಕೀಲು ಬಿಚ್ಚಿ ಸ್ಕ್ಯಾನ್ ಮಾಡಿ ಮತ್ತೆ ಕಟ್ಟಿದರಾಯಿತು ಎಂದುಕೊಂಡಳು.

ಕೀಲುಗಳು ಬಿಚ್ಚಲಿಲ್ಲ. ಹಸಿಯಿದ್ದಾಗ ಬಿಗಿದು ಒಣಗಿಸಿದ ತೊಗಲಿನ ಎಳೆಗಳು ಅವು. ವಿಶಾಖಾ ಸಣ್ಣ ಕತ್ತರಿ ತಂದಳು. ಮೊದಲನೆಯದನ್ನು ಕತ್ತರಿಸುವ ಮುಂಚೆ ಎರಡು ಸಲ ಕತ್ತರಿ ಕೆಳಗಿಟ್ಟಳು. ಎಂಟನೆಯದರ ಹೊತ್ತಿಗೆ ಇಡಲಿಲ್ಲ. ಮುಂದೆ ಅವಳನ್ನು ಹೆಚ್ಚು ಕಾಡಿದ್ದು ಈ ಎಂಟನೆಯದು. ತುಂಡುಗಳು ಸೊಟ್ಟಗಾಗಿದ್ದವು, ಸ್ಕ್ಯಾನರಿನ ಗಾಜಿನ ಮೇಲೆ ಚಪ್ಪಟೆಯಾಗಿ ಕೂರುತ್ತಿರಲಿಲ್ಲ. ಮೇಲೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಆಡಿಸಿದಳು. ಕೂದಲು ಸುಟ್ಟ ವಾಸನೆ ಬಂತು. ಬಟ್ಟೆ ಎತ್ತಿದಾಗ ಹುಡುಗಿಯ ಮುಖ ಮುದುಡಿ, ಕೆನ್ನೆಯಿಂದ ಗದ್ದದವರೆಗೆ ಸೀಳು ಬಿಟ್ಟಿತ್ತು.

ಅಂಬರೀಶ ಕೆಲಸದಿಂದ ಬಂದಾಗ ಅವಳು ಮೇಜಿನ ಮುಂದೆ ಹಾಗೇ ಕೂತಿದ್ದಳು.

"ಇವತ್ತ ಹೋಗಿ ಹೇಳಿಬಿಡು," ಎಂದ ಅವನು. "ತಪ್ಪಾಗೇದ ಅನ್ನು."

"ಚಿತ್ರ ಮುಗೀಲಿ."

ಚಿತ್ರ ಮುಗಿಯಿತು. ಸುಟ್ಟ ಮುಖದ ಬದಲು ಹಳ್ಳಿಯಲ್ಲಿ ತೆಗೆದ ಫೋಟೋದಿಂದ ಮುಖ ಕೂಡಿಸಿದಳು. ಯಮನಮ್ಮನ ಕೈಯ ವಿಡಿಯೋ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಹೆಜ್ಜೆಯನ್ನೂ ಅದರ ತಾಳಕ್ಕೇ ಹೊಂದಿಸಿದಳು. ಎಲ್ಲರೂ ಕೊಂಡಾಡಿದರು, ಜಿಲ್ಲೆಯ ಶಾಲೆಗಳಲ್ಲೆಲ್ಲ ತೋರಿಸಿದರು, ಅವಳಿಗೊಂದು ಫಲಕ ಸಿಕ್ಕಿತು. ಕೊನೆಯಲ್ಲಿ ಹೆಸರಿಗೆ ಒಂದೇ ಸಾಲಿನ ಜಾಗವಿದೆ ಎಂದಿದ್ದರು ಸಂಸ್ಥೆಯವರು. 'ಚಿತ್ರ, ಚಲನೆ: ವಿಶಾಖಾ' ಎಂದು ಹೋಯಿತು. ಇನ್ನೊಂದು ಸಾಲು ಬೇಕೆಂದು ಹಟ ಹಿಡಿದಿದ್ದರೆ ಅವರು ಕೊಡುತ್ತಿದ್ದರೇನೋ. ಅವಳು ಕೇಳಲಿಲ್ಲ. ಹೆಸರು ಹಾಕಿದರೆ ಆ ಹೆಸರಿನವಳನ್ನು ವೇದಿಕೆಗೆ ಕರೆಯುತ್ತಾರೆ, ಅವಳು ಗೊಂಬೆ ಎಲ್ಲಿ ಎನ್ನುತ್ತಾಳೆ. ಸಲಾವುದ್ದೀನನಿಗೆ ಕೊಟ್ಟ ಮಾತು ಅವತ್ತು ಅವಳಿಗೆ ನೆನಪಾಗಲಿಲ್ಲ ಎಂದೇನಲ್ಲ.

ತಿಂಗಳು ಎರಡಾಯಿತು, ಮೂರಾಯಿತು. ಅನ್ನಪೂರ್ಣ ಫೋನು ಹಚ್ಚಿ ಅಜ್ಜಿಯ ಕೈಗೆ ಕೊಟ್ಟಳು.

"ಮಗಳಾ, ಗೊಂಬಿ ಎಲ್ಲಿ ಅದಾವ? ಬುಟ್ಟಿ ಖಾಲಿ ಕಾಣಾಕತ್ತದ."

ವಿಶಾಖಾಳ ಬಾಯಿಂದ ತಾನಾಗಿ ಬಂದುಬಿಟ್ಟಿತು. "ಯವ್ವಾ, ಅವನ್ನ ಬೆಂಗಳೂರಿನ ದೊಡ್ಡ ಮ್ಯೂಸಿಯಂದಾಗ ಇಟ್ಟಾರ್ರಿ. ಗಾಜಿನ ಪೆಟಿಗ್ಯಾಗ. ಮಂದಿ ಬಂದು ಬಂದು ನೋಡಾಕತ್ತಾರ."

ವಿಶಾಖಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡಳು. ಯಮನಮ್ಮ ಅಳುತ್ತಿದ್ದಳು. "ನಮ್ಮ ಮಾವನ ಅಪ್ಪನ ಕೈಯಿ ಗಾಜಿನಾಗ ಕುಂತದ ಅನ್ನು. ನಿನ್ನ ಹೊಟ್ಟಿ ತಣ್ಣಗಿರಲಿ ಮಗಳಾ."

ಅವತ್ತಿನಿಂದ ಪ್ರತಿ ಬೇಸಿಗೆಯಲ್ಲೂ ದೇವದುರ್ಗದ ಬಸ್ಸಿನಲ್ಲಿ ವಿಶಾಖಾಳ ಹೆಸರಿಗೆ ಒಂದು ಗಂಟು ಬರತೊಡಗಿತು. ಒಣಗಿಸಿದ ಹೊಳೆಮೀನು. ಕಂಡಕ್ಟರ್ ಫೋನು ಮಾಡಿದಾಗ ಅವಳು ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದಳು. ತಿನ್ನಲಾಗುತ್ತಿರಲಿಲ್ಲ, ಎಸೆಯಲೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ಬಡೇಬೀಗೆ ಕೊಡುವಳು.

"ಇಷ್ಟು ಚಲೋ ಮೀನು, ನೀವ್ಯಾಕ ತಿನ್ನಂಗಿಲ್ರೀ ಟೀಚರ್?"

"ಒಗ್ಗಂಗಿಲ್ರಿ ನನಗ."

ಬಡೇಬೀ ಹುರಿದ ದಿನ ಗೋಡೆಯಾಚೆಯಿಂದ ವಾಸನೆ ಬರುತ್ತಿತ್ತು. ಅಂದು ವಿಶಾಖಾ ಕಿಟಕಿ ಮುಚ್ಚಿಕೊಂಡು ಒಳಗಿರುತ್ತಿದ್ದಳು. ಗೊಂಬೆಯ ತುಂಡುಗಳೆಲ್ಲ ಸ್ಕ್ಯಾನರ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಬೀರುವಿನ ಮೇಲಿದ್ದವು. ಧೂಳು ಹೊಡೆಯಲು ಸ್ಟೂಲು ಹತ್ತಿದವಳು ಆ ಪೆಟ್ಟಿಗೆಯ ಸುತ್ತ ಮಾತ್ರ ಬಟ್ಟೆ ಆಡಿಸಿ ಇಳಿಯುತ್ತಿದ್ದಳು. ಹೋಗಿ ಹೇಳಿಬಿಡಬೇಕೆಂದು ಎರಡು ಸಲ ಹೊರಟದ್ದೂ ಉಂಟು. ಒಮ್ಮೆ ದೇವದುರ್ಗದವರೆಗೆ ಹೋಗಿ ಚಹಾ ಕುಡಿದು ಅದೇ ಬಸ್ಸಿಗೆ ಹಿಂದಿರುಗಿದಳು.

ಹೀಗೆ ಆರು ವರ್ಷ. ಕಳೆದ ವರ್ಷದ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅನ್ನಪೂರ್ಣ. ಈಗ ರಾಯಚೂರಿನ ಕಾಲೇಜಿನಲ್ಲಿ ಓದುವ ಹುಡುಗಿ. ಅವಳ ಭುಜ ಹಿಡಿದು ಯಮನಮ್ಮ.

"ಆಯಿಗೆ ಎರಡೂ ಕಣ್ಣಾಗ ಪೊರೆ ಬಂದದ್ರೀ ಮೇಡಂ," ಎಂದಳು ಅನ್ನಪೂರ್ಣ ಅಜ್ಜಿಯ ಕಡೆ ತಿರುಗಿ. "ಪೂರಾ ಹೋಗೂದ್ರಾಗ ಗೊಂಬಿ ನೋಡಬೇಕಂತ ಹಟ ಹಿಡದಾಳ. ಸಂಜಿ ಬೆಂಗಳೂರಿನ ಗಾಡಿಗೆ ಹೊಂಟೀವಿ. ಮ್ಯೂಸಿಯಂ ಯಾವುದು ಅಂತ ಬರದು ಕೊಡ್ರಿ."

ಯಮನಮ್ಮ ಹೊಸ ಇಳಕಲ್ ಸೀರೆ ಉಟ್ಟಿದ್ದಳು. "ಊರ ಮಂದಿಗೆಲ್ಲ ಹೇಳಿ ಬಂದೀನಿ," ಎಂದು ನಕ್ಕಳು.

ವಿಶಾಖಾ ಅವರಿಗೆ ನೀರು ಕೊಟ್ಟಳು, ಚಹಾ ಮಾಡಿದಳು, ಅವಲಕ್ಕಿ ಕಲಸಿದಳು. ಇನ್ನು ಮಾಡಲು ಏನೂ ಉಳಿಯದಾದಾಗ ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿ ಮುದುಕಿಯ ಮುಂದಿಟ್ಟು ನೆಲದ ಮೇಲೆ ಕೂತಳು.

"ಯವ್ವಾ, ಮ್ಯೂಸಿಯಂ ಇಲ್ಲ. ಗೊಂಬಿ ಇಲ್ಲೇ ಅದಾವ. ನಾನ ಕತ್ತರಿಸೀನಿ. ಸುಳ್ಳು ಹೇಳೀನಿ."

ಯಮನಮ್ಮನಿಗೆ ಮೊದಲು ತಿಳಿಯಲಿಲ್ಲ. ಪೆಟ್ಟಿಗೆಯೊಳಗೆ ಕೈ ಇಳಿಸಿದಳು. ಹುಡುಗಿಯ ಒಂದು ಮುಂಗೈ ಸಿಕ್ಕಿತು, ಬೆರಳಿನಿಂದ ಸವರಿ ಮಡಿಲಿನ ಬಲಕ್ಕೆ ಇಟ್ಟಳು. ಹಾಸ್ಯಗಾರನ ದವಡೆ ಸಿಕ್ಕಿತು, ಎಡಕ್ಕೆ ಇಟ್ಟಳು. ಕಣ್ಣು ಕಾಣದಿದ್ದರೂ ಒಂದು ತುಂಡೂ ಅದಲು ಬದಲಾಗಲಿಲ್ಲ. ಸೀಳಿದ ಮುಖ ಕೈಗೆ ಬಂದಾಗ ಸೀಳಿನುದ್ದಕ್ಕೂ ಹೆಬ್ಬೆರಳು ಎಳೆದು, ಮೂಸಿ ನೋಡಿದಳು.

"ಎಲ್ಲಾ ಒಂದ ಪೆಟಿಗ್ಯಾಗ ಇಟ್ಟಿದ್ದೇನು?"

"ಹೌದ್ರಿ."

"ಆರು ವರ್ಷ?"

ವಿಶಾಖಾ ತಲೆಯಾಡಿಸಿದಳು. ಮುದುಕಿಗೆ ಅದು ಕಾಣುವುದಿಲ್ಲ ಎಂದು ಹೊಳೆದು, "ಹೌದ್ರಿ," ಎಂದಳು.

"ಮುರಿದಿದ್ದಕ್ಕ ನನಗ ಸಿಟ್ಟಿಲ್ಲ. ಗೊಂಬಿ ಮುರೀತಾವ. ಮುರದ್ರ ಹೊಳಿಗೆ ಬಿಟ್ಟು, ಸ್ನಾನ ಮಾಡಿ, ಹೊಸದು ಮಾಡ್ತೀವಿ. ಹೆಣ ಇಟ್ಕೊಂಡಂಗ ಇಟ್ಕೊಂಡು ಕುಂತಿಯಲ್ಲ, ಬಿಡಾಕೂ ಕೊಡಲಿಲ್ಲಲ್ಲ." ಉಸಿರು ತೆಗೆದುಕೊಂಡಳು. "ಮತ್ತ, ನೀ ಒಮ್ಮೆ ಹೇಳಿದ ಸುಳ್ಳನ್ನ ನಾನು ಆರು ವರ್ಷ ಹೇಳೀನಿ. ಹೊಳಿ ಮ್ಯಾಗ, ಸಂತ್ಯಾಗ, ಬೀಗರ ಮನ್ಯಾಗ. ನನ್ನ ಸುಳ್ಳಗಾರಳ್ನ ಮಾಡಿದಿ."

ವಿಶಾಖಾ ಅವಳ ಕಾಲು ಹಿಡಿಯಲು ಹೋದಳು. ಯಮನಮ್ಮ ಕಾಲು ಮಡಚಿಕೊಂಡಳು.

"ಆ ಚಿತ್ರ ತೋರಿಸು," ಎಂದಳು. "ಕೊಂದು ಏನ್ ಮಾಡಿದಿ ನೋಡೂಣು."

ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದಳು. ಮಂಜಿನಾಚೆ ಕಂಡಷ್ಟೇ ಕಂಡಿತು. ಹುಡುಗಿ ಕೊಡ ಹೊತ್ತು ಬಂದಳು, ಎಡವಿದಳು, ಸಾವರಿಸಿಕೊಂಡಳು. ಯಮನಮ್ಮನ ಬಲಗೈ ಮಡಿಲಿನಲ್ಲಿ ತಾನಾಗಿ ಕೊಂಕಿತು.

"ಇದು ನನ್ನ ಕೈ," ಎಂದಳು.

ಕೊನೆಯ ಸಾಲು ಬಂತು. ಅನ್ನಪೂರ್ಣ ಗಟ್ಟಿಯಾಗಿ ಓದಿ, ಇನ್ನೇನಾದರೂ ಬರುತ್ತದೆಯೋ ಎಂದು ಕಾದು, ವಿಶಾಖಾಳ ಕಡೆ ತಿರುಗಿದಳು. "ಆಯಿ ಹೆಸರು ಎಲ್ಲಿ ಅದ್ರೀ ಮೇಡಂ?" ವಿಶಾಖಾ ಬಾಯಿ ತೆರೆದಳು. ಜಾಗ ಇರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು; ಅದನ್ನು ನುಂಗಿಕೊಂಡಳು. "ನಾ ಹಾಕ್ಲಿಲ್ಲವ್ವ," ಎಂದಳು.

ಬೆಂಗಳೂರಿನ ಟಿಕೀಟು ಹಾಗೇ ಉಳಿಯಿತು. ಮರುದಿನ ಮೂವರೂ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಹಳ್ಳಿಗೆ ಹೋದರು. ಪೆಟ್ಟಿಗೆಯನ್ನು ಮುದುಕಿ ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ತುಂಡುಗಳನ್ನು ಮತ್ತೆ ಎರಡು ಬಟ್ಟೆಗಳಲ್ಲಿ ಬೇರೆಬೇರೆಯಾಗಿ ಕಟ್ಟಿದಳು. ಮಗ ಹರಗೋಲು ಬಿಟ್ಟ. ವಿಶಾಖಾ ಹತ್ತಲು ಕಾಲು ಎತ್ತಿದಾಗ, "ನೀ ದಂಡಿ ಮ್ಯಾಗ ನಿಂದ್ರು," ಎಂದಳು ಮುದುಕಿ. ನಡು ಹೊಳೆಯಲ್ಲಿ ಮೊದಲು ಒಂದು ಗಂಟು, ಆಮೇಲೆ ಇನ್ನೊಂದು ನೀರಿಗಿಳಿದದ್ದನ್ನು ವಿಶಾಖಾ ದೂರದಿಂದ ಕಂಡಳು. ಅಲ್ಲಿ ಏನು ಹೇಳಿದರೋ, ಕೇಳಿಸಲಿಲ್ಲ.

ಒದ್ದೆ ಸೀರೆಯಲ್ಲಿ ಮೇಲೆ ಬಂದ ಯಮನಮ್ಮ ಚಹಾದಂಗಡಿಯ ಕಡೆ ಕೈ ತೋರಿಸಿದಳು. ಹತ್ತು ಹನ್ನೆರಡು ಮಂದಿ ಕೂತಿದ್ದರು. "ಹೋಗಿ ಹೇಳು. ನಾ ಹೇಳಂಗಿಲ್ಲ, ನೀನ ಹೇಳಬೇಕು."

ವಿಶಾಖಾ ಹೋದಳು. ನಿಂತಳು. ಪ್ರತಿದಿನ ಐವತ್ತು ಮಕ್ಕಳ ಮುಂದೆ ಮಾತಾಡುವವಳು ಅಂಗಡಿಯ ಕಂಬ ಹಿಡಿದುಕೊಂಡಳು. ಮ್ಯೂಸಿಯಂ ಇಲ್ಲ, ಯಮನಮ್ಮ ಸುಳ್ಳು ಹೇಳಿಲ್ಲ, ಸುಳ್ಳು ತನ್ನದು ಎಂದು ಮೂರು ಮಾತಿನಲ್ಲಿ ಹೇಳಿದಳು. ಒಬ್ಬ ವಯಸ್ಸಾದವನು ತಲೆ ತಗ್ಗಿಸಿದ. ಇನ್ನೊಬ್ಬ ಕಿಸಕ್ಕನೆ ನಕ್ಕು, "ನಾ ಅವತ್ತ ಅಂದಿದ್ದಿಲ್ಲೇನು? ಈ ಮುದುಕಿ ಗೊಂಬಿ ಯಾರು ಗಾಜಿನಾಗ ಇಡ್ತಾರ?" ಎಂದ. ಯಮನಮ್ಮನಿಗೆ ಅದು ಕೇಳಿಸಿತು. ಅವಳು ಅನ್ನಪೂರ್ಣಳ ಭುಜ ಹಿಡಿದು ಮನೆಯ ಕಡೆ ನಡೆದಳು. ವಿಶಾಖಾಳಿಗೆ ಆರು ವರ್ಷದಲ್ಲಿ ಆಗದ ಅವಮಾನ ಆ ಒಂದು ನಗೆಯಲ್ಲಿ ಆಯಿತು. ಅದೂ ತನಗಾಗಿ ಅಲ್ಲ.

ರಾಯಚೂರಿಗೆ ಬಂದವಳು ಸಂಸ್ಥೆಗೆ ಓಡಾಡಿ, ಜಗಳವಾಡಿ, ಹೊಸ ಪ್ರತಿ ಮಾಡಿಸಿದಳು. 'ಗೊಂಬೆ, ಚಲನೆ: ಯಮನಮ್ಮ ಮತ್ತು ಅವರ ಹಿರಿಯರು' ಎನ್ನುವ ಸಾಲು ಮೊದಲು ಬಂತು. ಹಳೆಯ ಪ್ರತಿಗಳು ಮಾತ್ರ ಶಾಲೆಗಳ ಕಂಪ್ಯೂಟರುಗಳಲ್ಲಿ, ಫೋನುಗಳಲ್ಲಿ ಇನ್ನೂ ತಿರುಗಾಡುತ್ತಿವೆ. ಅವನ್ನು ಹಿಂದಕ್ಕೆ ಕರೆಯುವ ದಾರಿ ಅವಳಿಗೆ ಕಂಡಿಲ್ಲ. ಯಮನಮ್ಮನ ಕಣ್ಣಿನ ಆಪರೇಷನ್ನಿಗೆ ತಾನು ಜೊತೆಗಿರುತ್ತೇನೆ ಎಂದಳು. ಬೇಡ ಎಂದು ಅನ್ನಪೂರ್ಣಳ ಕೈಲಿ ಹೇಳಿಸಿದಳು ಮುದುಕಿ. ಆ ಬೇಸಿಗೆಯಲ್ಲಿ ಬಸ್ಸಿನಿಂದ ಗಂಟು ಬರಲಿಲ್ಲ.

ಈ ವರ್ಷ ದೀಪಾವಳಿಯ ನಂತರ ಅನ್ನಪೂರ್ಣ ಫೋನು ಮಾಡಿದಳು. ಆಯಿಗೆ ಈಗ ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆ, ಆಡಿನ ತೊಗಲು ತರಿಸಿ ಹದ ಮಾಡಿ ಹೊಸ ಗೊಂಬೆ ಕೊರೆಯುತ್ತಿದ್ದಾಳೆ, ತನಗೂ ಕಲಿಸುತ್ತಿದ್ದಾಳೆ ಎಂದಳು.

"ನಾ ಬಂದು ನೋಡಬೋದೇನು, ಕೇಳವ್ವಾ."

ಫೋನಿನಾಚೆ ಅವರದೇ ಮಾತಿನಲ್ಲಿ ಏನೋ ನಡೆಯಿತು. "ಬರಲಿ ಅಂತಾಳ್ರೀ. ಫೋನು, ಕ್ಯಾಮೆರಾ ಏನೂ ತರಬಾರದಂತ. ಬರಿಗೈಲೆ ಬರಬೇಕಂತ."

ಭಾನುವಾರ ವಿಶಾಖಾ ಹೋದಳು. ಅಂಗಳದ ಬೇವಿನ ನೆರಳಲ್ಲಿ ಯಮನಮ್ಮ ಹಲಗೆಯ ಮೇಲೆ ತೊಗಲು ಹಾಸಿ, ಸಣ್ಣ ಉಳಿಯಿಂದ ಸೀರೆಯ ಅಂಚಿನ ತೂತುಗಳನ್ನು ಹೊಡೆಯುತ್ತಿದ್ದಳು. ಬಂದವಳನ್ನು ಒಮ್ಮೆ ನೋಡಿ, ಗೋಡೆಯ ಪಕ್ಕದ ಚಾಪೆಯ ಕಡೆ ಗದ್ದ ಆಡಿಸಿದಳು. ಅನ್ನಪೂರ್ಣ ಚಹಾ ತಂದಿಟ್ಟಳು. ವಿಶಾಖಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು. ಒಂದು ತೋಳು ಸಿದ್ಧವಾಯಿತು. ಯಮನಮ್ಮ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ತೂತುಗಳನ್ನು ಪರೀಕ್ಷಿಸಿ, ಮೊಮ್ಮಗಳ ಕೈಗೆ ಕೊಟ್ಟಳು. ವಿಶಾಖಾಳ ಕೈಗೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದಳು.